ಅಕ್ಟೋಬರ್‌ನ ಗೆಲುವು: ಜಮೆ ಬೇರೆ, ಸಾಕ್ಷಿ ಬೇರೆ

ಅಮೆರಿಕದ ಕಾಲೇಜು ಐಸ್ ಹಾಕಿಯ ಸೀಸನ್ ಅಕ್ಟೋಬರ್ ಮೊದಲ ವಾರಗಳಲ್ಲಿ ಶುರುವಾಗುತ್ತದೆ. ನವೆಂಬರ್ ಕಾಲಿಡುವಷ್ಟರಲ್ಲಿ ಬಹುಪಾಲು ತಂಡಗಳು ಎಂಟು ಪಂದ್ಯಗಳ ಆಸುಪಾಸಿನಲ್ಲಿರುತ್ತವೆ. ಆ ಹೊತ್ತಿಗೆ ಒಂದೊಂದು ತಂಡದ ಬಗ್ಗೆಯೂ ತೀರ್ಪು ಹೊರಬಿದ್ದಿರುತ್ತದೆ. ಆರು ಗೆದ್ದು ಎರಡು ಸೋತ ತಂಡ ಈ ಸಲ ಪ್ರಶಸ್ತಿಗೆ ಹತ್ತಿರವಿದೆ ಎನ್ನುತ್ತಾರೆ. ಎರಡು ಗೆದ್ದು ಆರು ಸೋತ ತಂಡದಲ್ಲಿ ಕೋಚ್‌ನ ಯೋಜನೆ ಹಳಸಿದೆ, ಗೋಲ್‌ಕೀಪರ್ ಅಧೀರನಾಗಿದ್ದಾನೆ, ಹಿರಿಯ ಆಟಗಾರರಿಗೆ ಛಲವಿಲ್ಲ ಎನ್ನುತ್ತಾರೆ. ಹೀಗೆ ಹೇಳುವವರು ತಿಳಿಗೇಡಿಗಳಲ್ಲ. ಆಟವನ್ನು ಹತ್ತಾರು ವರ್ಷ ನೋಡಿದವರು, ಮಕ್ಕಳನ್ನು ಆ ಆಟಕ್ಕೆ ಕಳಿಸಿದವರು, ಹಳೆಯ ವಿದ್ಯಾರ್ಥಿಗಳು. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ನಮ್ಮ ಗಾದೆಯಲ್ಲಿರುವ ಅನುಭವವೇ ಅವರ ಮಾತಿನ ಹಿಂದೆಯೂ ಇದೆ. ಇದಕ್ಕೆ ಎದುರಾಗಿ ಇನ್ನೊಂದು ನಂಬಿಕೆಯೂ ಅಷ್ಟೇ ಬಲವಾಗಿ ಓಡಾಡುತ್ತದೆ: ಅಕ್ಟೋಬರ್ ಎಂದರೆ ಕಲಿಕೆಯ ಕಾಲ, ಹೊಸ ಹುಡುಗರು ಹೊಂದಿಕೊಳ್ಳಬೇಕು, ನಿಜವಾದ ಹಾಕಿ ಫೆಬ್ರವರಿಯಲ್ಲಿ ಶುರು, ಮಾರ್ಚ್‌ನಲ್ಲಿ ಯಾರು ಆಡುತ್ತಾರೋ ಅವರೇ ತಂಡ. ಈ ಎರಡು ಮಾತುಗಳಲ್ಲಿ ಒಂದು ಸರಿಯಿರಬೇಕು, ಇನ್ನೊಂದು ತಪ್ಪಿರಬೇಕು ಎಂದು ವಾದ ನಡೆಯುತ್ತದೆ. ನನಗೆ ಎರಡೂ ತಪ್ಪಾಗಿ ಕಾಣುತ್ತವೆ, ಅದೂ ಒಂದೇ ಕಾರಣಕ್ಕೆ.

ಹಾಕಿ ಎಂದೊಡನೆ ಕೊಡಗಿನ ಮೈದಾನಗಳು ನೆನಪಾಗುವ ಓದುಗರಿಗೆ ಈ ಆಟದ ಸ್ವರೂಪ ಎರಡು ಮಾತಿನಲ್ಲಿ ಹೇಳಬೇಕು, ಏಕೆಂದರೆ ವಾದ ನಿಂತಿರುವುದೇ ಅದರ ಮೇಲೆ. ಮಂಜುಗಡ್ಡೆಯ ಮೇಲೆ ಒಂದೊಂದು ಕಡೆಗೆ ಗೋಲ್‌ಕೀಪರ್ ಸೇರಿ ಆರು ಮಂದಿ, ಚೆಂಡಿನ ಬದಲು ಗಟ್ಟಿ ರಬ್ಬರಿನ ಪಕ್, ಇಪ್ಪತ್ತು ನಿಮಿಷಗಳ ಮೂರು ಅವಧಿ. ಒಂದು ಪಂದ್ಯದಲ್ಲಿ ಒಂದು ತಂಡ ಗೋಲಿನತ್ತ ಸುಮಾರು 30 ಹೊಡೆತ ಹೊಡೆಯುತ್ತದೆ. ಅವುಗಳಲ್ಲಿ ಎರಡು, ಮೂರು, ಹೆಚ್ಚೆಂದರೆ ನಾಲ್ಕು ಒಳಗೆ ಹೋಗುತ್ತವೆ. ಪಕ್ ಒಬ್ಬನ ಸ್ಕೇಟಿಗೆ ತಾಗಿ ದಿಕ್ಕು ಬದಲಿಸುತ್ತದೆ, ಕಂಬಕ್ಕೆ ಬಡಿದು ಹೊರಗೋ ಒಳಗೋ ಹಾರುತ್ತದೆ, ಎದುರಿಗೆ ನಿಂತವರ ಕಾಲುಗಳ ಮರೆಯಿಂದ ಗೋಲ್‌ಕೀಪರ್‌ಗೆ ಕಾಣದೆ ಬರುತ್ತದೆ. ಹೊಡೆತಗಳು ಹೆಚ್ಚು, ಗೋಲುಗಳು ವಿರಳ, ಗೆಲುವಿನ ಅಂತರ ಒಂದೋ ಎರಡೋ ಗೋಲು: ಇಂಥ ಆಟದಲ್ಲಿ ಉತ್ತಮ ತಂಡ ಸೋಲುವುದು ಅಪವಾದವಲ್ಲ, ಆಟದ ದಿನನಿತ್ಯದ ನಡೆ.

ಈಗ ಮೂಲ ಗೊಂದಲಕ್ಕೆ ಬರೋಣ. ಒಂದು ಪಂದ್ಯದ ಫಲಿತಾಂಶಕ್ಕೆ ಎರಡು ಬೇರೆ ಬೇರೆ ಗುಣಗಳಿವೆ. ಒಂದು, ಅದು ತಂಡದ ಖಾತೆಗೆ ಜಮೆಯಾಗುತ್ತದೆ. ಗೆದ್ದದ್ದು ಗೆದ್ದದ್ದೇ, ಮುಂದೆ ಯಾರು ಏನು ಮಾಡಿದರೂ ಅದು ಅಳಿಯುವುದಿಲ್ಲ. ಇನ್ನೊಂದು, ಅದು ತಂಡ ಎಂಥದ್ದು ಎಂಬುದಕ್ಕೆ ಸಾಕ್ಷಿ ಹೇಳುತ್ತದೆ. ಜಮೆ ನಿಖರವಾದದ್ದು, ಅದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ಸಾಕ್ಷಿಯಾದರೋ ದುರ್ಬಲವೂ ಇರಬಹುದು, ಪ್ರಬಲವೂ ಇರಬಹುದು. ಒಬ್ಬ ಸಾಕ್ಷಿ ಹೇಳಿದ್ದನ್ನು ಎಷ್ಟರಮಟ್ಟಿಗೆ ನಂಬಬೇಕೆಂದು ನಾವು ತೂಗಿ ನೋಡಬೇಕಾಗುತ್ತದೆ. ಮೊದಲ ನಂಬಿಕೆಯವರು ಅಕ್ಟೋಬರ್‌ನ ಜಮೆ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆಂದು ಅದರ ಸಾಕ್ಷ್ಯವೂ ಸ್ಪಷ್ಟವೆಂದು ತಿಳಿಯುತ್ತಾರೆ. ಎರಡನೆಯ ನಂಬಿಕೆಯವರು ಸಾಕ್ಷ್ಯ ದುರ್ಬಲವೆಂದು ಸರಿಯಾಗಿಯೇ ಗುರುತಿಸಿ, ಅಲ್ಲಿಂದ ಜಮೆಯೂ ಲೆಕ್ಕಕ್ಕಿಲ್ಲ ಎಂಬಲ್ಲಿಗೆ ಜಾರುತ್ತಾರೆ. ಒಂದು ಗುಣದಿಂದ ಇನ್ನೊಂದಕ್ಕೆ ದಾರಿಯೇ ಇಲ್ಲ.

ಸಾಕ್ಷ್ಯದ ಬಲ ಎಷ್ಟೆಂದು ಮೊದಲು ಅಳೆಯೋಣ. ಇದಕ್ಕೆ ಅಂಕಿಅಂಶಗಳ ಭಂಡಾರ ಬೇಡ, ನಾಣ್ಯ ಚಿಮ್ಮುವ ಲೆಕ್ಕ ಸಾಕು. ಎದುರಾಳಿಗಳಿಗೆ ಸರಿಸಮನಾದ, ಪ್ರತಿ ಪಂದ್ಯದಲ್ಲೂ ಗೆಲುವಿನ ಸಾಧ್ಯತೆ ಅರ್ಧಕ್ಕರ್ಧ ಇರುವ ಒಂದು ತಂಡವನ್ನು ಊಹಿಸಿ. ಎಂಟು ಪಂದ್ಯಗಳು 256 ಬಗೆಯಲ್ಲಿ ಮುಗಿಯಬಹುದು. ಅವುಗಳಲ್ಲಿ 37 ಬಗೆಗಳಲ್ಲಿ ಆ ತಂಡ ಆರು ಅಥವಾ ಹೆಚ್ಚು ಗೆದ್ದಿರುತ್ತದೆ, ಇನ್ನೂ 37 ಬಗೆಗಳಲ್ಲಿ ಎರಡು ಅಥವಾ ಕಡಿಮೆ. ಅಂದರೆ ಶೇಕಡಾ 29ರಷ್ಟು ಸಂದರ್ಭಗಳಲ್ಲಿ ಏನೇನೂ ವಿಶೇಷವಿಲ್ಲದ ತಂಡ 'ಅದ್ಭುತ ಆರಂಭ' ಅಥವಾ 'ದುರಂತದ ಆರಂಭ' ಎರಡರಲ್ಲೊಂದನ್ನು ತೋರಿಸುತ್ತದೆ. ಪುರುಷರ ಕಾಲೇಜು ಹಾಕಿಯ ಅತ್ಯುನ್ನತ ಮಟ್ಟವಾದ 'ಡಿವಿಷನ್ ಒಂದು' ವಿಭಾಗದಲ್ಲಿ 60ಕ್ಕೂ ಹೆಚ್ಚು ಕಾಲೇಜುಗಳಿವೆ. ಅವೆಲ್ಲವೂ ಎಳ್ಳಷ್ಟೂ ವ್ಯತ್ಯಾಸವಿಲ್ಲದ ತಂಡಗಳಾಗಿದ್ದರೂ ನವೆಂಬರ್ ಮೊದಲ ವಾರದಲ್ಲಿ ಸುಮಾರು ಒಂಬತ್ತು ತಂಡಗಳನ್ನು ನಾವು ಹೊಗಳುತ್ತಿದ್ದೆವು, ಇನ್ನೊಂಬತ್ತು ತಂಡಗಳ ಕೋಚ್‌ಗಳನ್ನು ಬದಲಿಸಿ ಎನ್ನುತ್ತಿದ್ದೆವು. ತಂಡಗಳು ನಿಜಕ್ಕೂ ಸಮಾನವಲ್ಲ, ಸರಿ. ಹಾಗಾದರೆ ನಿಜವಾಗಿ ಬಲವಾದ, ಪ್ರತಿ ಪಂದ್ಯದಲ್ಲೂ ಶೇಕಡಾ 60ರಷ್ಟು ಗೆಲುವಿನ ಸಾಧ್ಯತೆಯಿರುವ ತಂಡವನ್ನು ತೆಗೆದುಕೊಳ್ಳಿ. ಅದು ಮೊದಲ ಎಂಟರಲ್ಲಿ ಮೂರು ಅಥವಾ ಅದಕ್ಕಿಂತ ಕಡಿಮೆ ಗೆಲ್ಲುವ ಸಾಧ್ಯತೆ ಶೇಕಡಾ 17. ಅಷ್ಟೇ ಸಾಧ್ಯತೆಯಿಂದ, ಶೇಕಡಾ 40ರ ದುರ್ಬಲ ತಂಡ ಐದು ಅಥವಾ ಹೆಚ್ಚು ಗೆದ್ದು ಕೂತಿರುತ್ತದೆ. ಆರರಲ್ಲಿ ಒಂದು ಸಲ ಸುಳ್ಳು ಹೇಳುವ ಸಾಕ್ಷಿಯನ್ನು ಪೂರ್ತಿ ತಳ್ಳಿಹಾಕಬೇಕಿಲ್ಲ. ಆದರೆ ಅವನೊಬ್ಬನ ಮಾತಿನ ಮೇಲೆ ಯಾರಿಗೂ ಶಿಕ್ಷೆ ವಿಧಿಸಲಾಗದು.

ನಮ್ಮ ಅಡುಗೆಮನೆಯ ವಿವೇಕ ಇದಕ್ಕೆ ಎದುರು ಹೇಳುವಂತೆ ಕಾಣುತ್ತದೆ: ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದು ಅಗುಳು ಸಾಕು. ಆದರೆ ಆ ಪರೀಕ್ಷೆ ನಡೆಯುವುದು ಪಾತ್ರೆಯ ನೀರು ಒಂದೇ, ಬೆಂಕಿ ಒಂದೇ, ಸೌಟಿನಿಂದ ತಿರುವಿದ್ದಾರೆ ಎಂಬ ಕಾರಣಕ್ಕೆ. ಅಕ್ಟೋಬರ್‌ನ ಪಂದ್ಯಗಳು ತಿರುವಿದ ಅನ್ನವಲ್ಲ. ಕಾಲೇಜು ಹಾಕಿಯಲ್ಲಿ ಶುಕ್ರವಾರ, ಶನಿವಾರ ಒಂದೇ ಎದುರಾಳಿಯ ಮೇಲೆ ಜೋಡಿ ಪಂದ್ಯ ಆಡುವುದು ವಾಡಿಕೆ. ಹಾಗಾಗಿ ಎಂಟು ಪಂದ್ಯ ಎಂದರೆ ಬಹಳ ಸಲ ನಾಲ್ಕೇ ಎದುರಾಳಿಗಳು, ನಾಲ್ಕೇ ವಾರಾಂತ್ಯಗಳು. ದೊಡ್ಡ ವಿಶ್ವವಿದ್ಯಾಲಯಗಳು ಮೊದಲ ವಾರಗಳಲ್ಲಿ ತಮ್ಮ ಮನೆಯಂಗಳಕ್ಕೆ ಚಿಕ್ಕ ಕಾಲೇಜುಗಳನ್ನು ಕರೆಸಿಕೊಳ್ಳಬಲ್ಲವು. ಚಿಕ್ಕವು ಬಸ್ಸು, ವಿಮಾನ ಹತ್ತಿ ಹೋಗಬೇಕು. ಹಾರ್ವರ್ಡ್, ಯೇಲ್, ಕಾರ್ನೆಲ್, ಪ್ರಿನ್ಸ್‌ಟನ್, ಬ್ರೌನ್, ಡಾರ್ಟ್‌ಮತ್ ಈ ಆರು ಐವಿ ಲೀಗ್ ಕಾಲೇಜುಗಳು ತಮ್ಮ ಲೀಗಿನ ನಿಯಮದಂತೆ ಉಳಿದವರಿಗಿಂತ ವಾರಗಳಷ್ಟು ತಡವಾಗಿ ಆಟ ಶುರುಮಾಡುತ್ತವೆ; ಅವುಗಳ ಮೊದಲ ಪಂದ್ಯ ಎದುರಾಳಿಗೆ ಏಳನೆಯದೋ ಎಂಟನೆಯದೋ ಆಗಿರಬಹುದು. ಆರು ಗೆದ್ದು ಎರಡು ಸೋತ ಎರಡು ತಂಡಗಳನ್ನು ಅಕ್ಕಪಕ್ಕ ಇಟ್ಟು ಸಮ ಎನ್ನುವ ಮೊದಲು ಯಾರ ಮೇಲೆ, ಎಲ್ಲಿ, ಯಾವಾಗ ಎಂದು ಕೇಳದಿದ್ದರೆ ನಾವು ಹೋಲಿಸುತ್ತಿರುವುದು ತಂಡಗಳನ್ನಲ್ಲ, ವೇಳಾಪಟ್ಟಿಗಳನ್ನು.

ಈ ದುರ್ಬಲ ಸಾಕ್ಷ್ಯದ ಅತಿ ದೊಡ್ಡ ಬಲಿಪಶು ಗೋಲ್‌ಕೀಪರ್. ಅವನ ಸಾಧನೆಯನ್ನು ಅಳೆಯುವುದು ತಡೆದ ಹೊಡೆತಗಳ ಶೇಕಡಾವಾರು ಪ್ರಮಾಣದಿಂದ; ಆ ಸಂಖ್ಯೆ ನೋಡಲು ನಿಖರವಾಗಿರುವುದರಿಂದಲೇ ಅದಕ್ಕೆ ಮೋಸಹೋಗುವುದು ಸುಲಭ. ನೂರಕ್ಕೆ 91 ಹೊಡೆತ ತಡೆಯುವ ಸಾಮರ್ಥ್ಯವುಳ್ಳ ಒಬ್ಬ ಹುಡುಗ ಹತ್ತು ಪಂದ್ಯಗಳಲ್ಲಿ 300 ಹೊಡೆತ ಎದುರಿಸಿದರೆ ಅವನು ಬಿಟ್ಟುಕೊಡಬಹುದಾದ ಗೋಲು 27. ಆದರೆ ಬರಿಯ ಆಕಸ್ಮಿಕದಿಂದಲೇ ಆ 27 ಐದರಷ್ಟು ಮೇಲೆ ಕೆಳಗೆ ತೂಗಾಡುವುದು ತೀರ ಸಾಮಾನ್ಯ. 22 ಬಿಟ್ಟರೆ ಅವನ ಪ್ರಮಾಣ 92.7, ರಾಷ್ಟ್ರಮಟ್ಟದ ತಾರೆ. 32 ಬಿಟ್ಟರೆ 89.3, ಬೆಂಚಿನ ಮೇಲೆ ಕೂರಬೇಕಾದವನು. ಹುಡುಗ ಒಬ್ಬನೇ, ಸಾಮರ್ಥ್ಯ ಒಂದೇ. ಇನ್ನೂ ಕಠಿಣವಾದ ಉದಾಹರಣೆ: ಒಂದು ತಂಡದಲ್ಲಿ ಇಬ್ಬರಿದ್ದಾರೆ, ಒಬ್ಬನ ನಿಜ ಸಾಮರ್ಥ್ಯ 91.5, ಇನ್ನೊಬ್ಬನದು 90.5. ಕೋಚ್ ನ್ಯಾಯವಾಗಿ ಇಬ್ಬರಿಗೂ ಐದೈದು ಪಂದ್ಯ ಕೊಟ್ಟು, ತಲಾ 150 ಹೊಡೆತಗಳ ನಂತರ ಯಾರು ಕಡಿಮೆ ಗೋಲು ಬಿಟ್ಟರೋ ಅವರನ್ನು ಆರಿಸುತ್ತೇನೆ ಎಂದು ನಿರ್ಧರಿಸುತ್ತಾನೆ. ಲೆಕ್ಕ ಹಾಕಿದರೆ, ಸುಮಾರು ಮೂರರಲ್ಲಿ ಒಂದು ಸಲ ಈ ನ್ಯಾಯವಾದ ಪರೀಕ್ಷೆಯಲ್ಲಿ ಕೆಳಮಟ್ಟದವನೇ ಗೆಲ್ಲುತ್ತಾನೆ. ಇಡೀ ಸೀಸನ್ನಿನ ಸಾವಿರ ಹೊಡೆತಗಳ ನಂತರವೂ ಆಕಸ್ಮಿಕದ ತೂಗಾಟ ಶೇಕಡಾ ಒಂದರ ಹತ್ತಿರವೇ ಇರುತ್ತದೆ. ಹೀಗಿರುವಾಗ ಅಕ್ಟೋಬರ್ ಕೊನೆಗೆ 'ಅವನಿಂದ ಆಗುವುದಿಲ್ಲ' ಎಂದು ಇಪ್ಪತ್ತರ ಹರೆಯದವನ ಬಗ್ಗೆ ಹೇಳುವ ಮಾತಿಗೆ ಆಧಾರವೇನು? ಈ ಪ್ರಶ್ನೆ ನನ್ನನ್ನು ಕಾಡುತ್ತದೆ, ಏಕೆಂದರೆ ಆ ಮಾತು ಅವನ ಕಿವಿಗೂ ಬೀಳುತ್ತದೆ.

ಇದಕ್ಕೆ ಸೇರಿದ ಇನ್ನೊಂದು ಭ್ರಮೆಯಿದೆ. ಕೆಟ್ಟ ಆರಂಭದ ನಂತರ ಕೋಚ್ ಬಾಗಿಲು ಹಾಕಿಕೊಂಡು ಆಟಗಾರರನ್ನು ತರಾಟೆಗೆ ತೆಗೆದುಕೊಳ್ಳುತ್ತಾನೆ. ಮುಂದಿನ ಆರು ಪಂದ್ಯಗಳಲ್ಲಿ ತಂಡ ನಾಲ್ಕು ಗೆಲ್ಲುತ್ತದೆ. ಆ ಸಭೆಯೇ ಸೀಸನ್ನನ್ನು ತಿರುಗಿಸಿತು ಎಂಬ ಕಥೆ ಹುಟ್ಟುತ್ತದೆ. ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ಹೆತ್ತವರ ಮತ್ತು ಮಕ್ಕಳ ಎತ್ತರವನ್ನು ಹೋಲಿಸಿ ತೋರಿಸಿದ್ದು ಇದನ್ನೇ: ಅಸಾಧಾರಣವಾದ ಅಳತೆಯ ಹಿಂದೆ ಬರುವುದು ಸಾಮಾನ್ಯವಾಗಿ ಸರಾಸರಿಗೆ ಹತ್ತಿರವಾದ ಅಳತೆ. ಅದಕ್ಕೆ ಬೇರೆ ಕಾರಣ ಬೇಕಿಲ್ಲ. ಇಸ್ರೇಲಿನ ವಾಯುಪಡೆಯ ತರಬೇತುದಾರರು ಹೊಗಳಿದರೆ ಶಿಷ್ಯರು ಕೆಡುತ್ತಾರೆ, ಗದರಿದರೆ ಸುಧಾರಿಸುತ್ತಾರೆ ಎಂದು ಅನುಭವದಿಂದ ನಂಬಿದ್ದರು. ಅತ್ಯುತ್ತಮ ಹಾರಾಟದ ನಂತರ ಸಾಧಾರಣ ಹಾರಾಟ, ಅತಿ ಕೆಟ್ಟದ್ದರ ನಂತರ ಸ್ವಲ್ಪ ಮೇಲಾದದ್ದು ಬರುವುದು ಸಹಜವೆಂದು ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನ್‌ಮನ್ ಅವರಿಗೆ ತೋರಿಸಿಕೊಟ್ಟರು. ಬೈಗುಳದಿಂದ ಲಾಭವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದಾಗ ಕಾಗೆಯ ತೂಕವನ್ನು ಅಳೆಯದೆ ಕಥೆ ಕಟ್ಟಬಾರದು ಎಂದಷ್ಟೇ ಹೇಳುತ್ತಿದ್ದೇನೆ.

ಇಷ್ಟಾದ ಮೇಲೆ ಎರಡನೆಯ ನಂಬಿಕೆಯವರು ಗೆದ್ದಂತೆ ಕಾಣುತ್ತಾರೆ: ಸಾಕ್ಷ್ಯ ಇಷ್ಟು ಸಡಿಲವಾದರೆ ಅಕ್ಟೋಬರನ್ನು ಮರೆತುಬಿಡೋಣ. ಇಲ್ಲಿಯೇ ಅವರ ತಪ್ಪು, ಮತ್ತು ನನ್ನ ದೃಷ್ಟಿಯಲ್ಲಿ ಇದು ಮೊದಲಿನವರ ತಪ್ಪಿಗಿಂತ ದುಬಾರಿ. ರಾಷ್ಟ್ರೀಯ ಪಂದ್ಯಾವಳಿಗೆ 2003ರಿಂದ 16 ತಂಡಗಳು ಹೋಗುತ್ತವೆ. ಆರು ಲೀಗ್‌ಗಳ ಚಾಂಪಿಯನ್ನರಿಗೆ ನೇರ ಸ್ಥಾನ. ಉಳಿದ ಹತ್ತನ್ನು ರಾಷ್ಟ್ರೀಯ ಕಾಲೇಜು ಕ್ರೀಡಾ ಸಂಸ್ಥೆಯಾದ ಎನ್‌ಸಿಎಎ ಇಡೀ ಸೀಸನ್ನಿನ ಫಲಿತಾಂಶಗಳಿಂದ ಲೆಕ್ಕ ಹಾಕಿದ ಶ್ರೇಯಾಂಕದ ಮೇಲೆ ತುಂಬುತ್ತದೆ. ಪ್ರತಿ ಸೋಮವಾರ ಪತ್ರಕರ್ತರು, ಕೋಚ್‌ಗಳು ಮತ ಹಾಕಿ ಪ್ರಕಟಿಸುವ ಪಟ್ಟಿಗೂ ಈ ಆಯ್ಕೆಗೂ ಸಂಬಂಧವಿಲ್ಲ. ಸೂತ್ರದ ವಿವರಗಳು ಕಾಲಕಾಲಕ್ಕೆ ಬದಲಾಗಿವೆ. ಹಿಂದೊಮ್ಮೆ ಕೊನೆಯ ಹಲವು ಪಂದ್ಯಗಳ ಸಾಧನೆಗೆ ಪ್ರತ್ಯೇಕ ಬೆಲೆಯಿತ್ತು, ಅದನ್ನು ಕೈಬಿಟ್ಟರು. ಅದಾದ ಮೇಲೆ ಅಕ್ಟೋಬರ್ ಎರಡನೇ ಶನಿವಾರದ ಗೆಲುವಿಗೂ ಮಾರ್ಚ್ ಮೊದಲ ಶನಿವಾರದ ಗೆಲುವಿಗೂ ಖಾತೆಯಲ್ಲಿ ದಿನಾಂಕದ ಕಾರಣಕ್ಕೆ ಕೂದಲೆಳೆಯ ವ್ಯತ್ಯಾಸವೂ ಇಲ್ಲ.

ಕೂದಲೆಳೆ ಎಂಬುದು ಬರಿ ಮಾತಲ್ಲ. 2018ರಲ್ಲಿ ಕೊನೆಯ ಸ್ಥಾನಕ್ಕೆ ಮಿನ್ನೆಸೋಟ ಮತ್ತು ಮಿನ್ನೆಸೋಟ ಡುಲುತ್ ವಿಶ್ವವಿದ್ಯಾಲಯಗಳು ಎದುರುಬದುರಾದವು. ಆಗ ಬಳಕೆಯಲ್ಲಿದ್ದ ಆರ್‌ಪಿಐ ಸೂಚ್ಯಂಕದಲ್ಲಿ ಡುಲುತ್ ಮುಂದಿದ್ದದ್ದು 0.0001ರಿಂದ. ಆ ಸೂತ್ರದಲ್ಲಿ ತಂಡದ ಸ್ವಂತ ಗೆಲುವಿನ ಪ್ರಮಾಣಕ್ಕೆ ನಾಲ್ಕನೇ ಒಂದು ತೂಕ, ಮಿಕ್ಕದ್ದು ಎದುರಾಳಿಗಳ ಮತ್ತು ಎದುರಾಳಿಗಳ ಎದುರಾಳಿಗಳ ಸಾಧನೆಗೆ. 38 ಪಂದ್ಯಗಳ ಸೀಸನ್ನಿನಲ್ಲಿ ಒಂದು ಸೋಲು ಗೆಲುವಾಗಿದ್ದರೆ ಸೂಚ್ಯಂಕ ಸುಮಾರು 0.0066ರಷ್ಟು ಏರುತ್ತಿತ್ತು, ಎರಡು ತಂಡಗಳ ನಡುವಿನ ಅಂತರದ 60 ಪಟ್ಟಿಗೂ ಹೆಚ್ಚು. ಮಿನ್ನೆಸೋಟ ಆ ಸೀಸನ್ನಿನಲ್ಲಿ ಕಳೆದುಕೊಂಡ ಯಾವುದೇ ಒಂದು ಪಂದ್ಯ, ಅದು ಯಾವ ತಿಂಗಳಿನದೇ ಆಗಿರಲಿ, ಅದನ್ನು ಹೊರಗಿಟ್ಟ ಪಂದ್ಯವೇ. ಸೇಂಟ್ ಪಾಲ್‌ನಲ್ಲಿ, ಮಿನ್ನೆಸೋಟದ ಕ್ಯಾಂಪಸ್ಸಿನಿಂದ ಕೆಲವೇ ಮೈಲಿ ದೂರದಲ್ಲಿ ನಡೆದ ಫೈನಲ್‌ನಲ್ಲಿ ನೋಟರ್ ಡೇಮ್ ತಂಡವನ್ನು 2-1ರಿಂದ ಸೋಲಿಸಿ ಕಪ್ ಎತ್ತಿದ್ದು ಡುಲುತ್. ಅಕ್ಟೋಬರ್ ಕಲಿಕೆಯ ಕಾಲ ಎನ್ನುವವರು ಕಲಿಕೆಗೆ ತೆತ್ತ ಶುಲ್ಕ ಮಾರ್ಚ್‌ನಲ್ಲಿ ವಾಪಸಾಗುವುದಿಲ್ಲ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಇನ್ನೂ ಸೂಕ್ಷ್ಮವಾದ ಸಂಗತಿಯೊಂದಿದೆ, ಇದನ್ನು ಅಭಿಮಾನಿಗಳು ಅಪರೂಪಕ್ಕೆ ಗಮನಿಸುತ್ತಾರೆ. ಲೀಗಿನೊಳಗಿನ ಪಂದ್ಯಗಳಲ್ಲಿ ಒಬ್ಬರ ಗೆಲುವು ಇನ್ನೊಬ್ಬರ ಸೋಲು. ಒಟ್ಟು ಕೂಡಿದರೆ ಲೀಗಿನ ಗೆಲುವಿನ ಪ್ರಮಾಣ ಯಾವಾಗಲೂ ಅರ್ಧಕ್ಕರ್ಧವೇ. ಒಂದು ಲೀಗ್ ಇನ್ನೊಂದಕ್ಕಿಂತ ಬಲವಾದದ್ದೆಂದು ಸೂತ್ರಕ್ಕೆ ತಿಳಿಯುವುದು ಹೊರಗಿನ ಲೀಗುಗಳ ಮೇಲೆ ಆಡಿದ ಪಂದ್ಯಗಳಿಂದ ಮಾತ್ರ. ಅಂಥ ಪಂದ್ಯಗಳು ಬಹುಪಾಲು ನಡೆಯುವುದು ಅಕ್ಟೋಬರ್‌ನಿಂದ ಹೊಸ ವರ್ಷದ ಸುಮಾರಿಗೆ. ಅಲ್ಲಿಗೆ ಲೀಗುಗಳ ನಡುವಿನ ಏರುತಗ್ಗು ಹೆಚ್ಚುಕಡಿಮೆ ಗಟ್ಟಿಯಾಗಿಬಿಡುತ್ತದೆ. ಆಮೇಲೆ ಫೆಬ್ರವರಿಯ ಬಿರುಸಿನ ಪಂದ್ಯಗಳು ಬಹುಪಾಲು ಆ ಗೋಡೆಗಳೊಳಗೇ ನಡೆಯುತ್ತವೆ. ಆದ್ದರಿಂದ ಅಕ್ಟೋಬರ್‌ನಲ್ಲಿ ಹಾಕಿ ಈಸ್ಟ್ ಲೀಗಿನ ಒಂದು ತಂಡ ಎನ್‌ಸಿಎಚ್‌ಸಿ ಲೀಗಿನ ಒಂದು ತಂಡವನ್ನು ಸೋಲಿಸಿದರೆ ಅದರ ಲಾಭ ಗೆದ್ದ ತಂಡಕ್ಕೆ ಮಾತ್ರವಲ್ಲ, ಆ ತಂಡದ ಜೊತೆ ಚಳಿಗಾಲವಿಡೀ ಆಡಲಿರುವ ಎಲ್ಲ ಸೋದರ ತಂಡಗಳಿಗೂ ಸಣ್ಣಗೆ ಹಂಚಿಹೋಗುತ್ತದೆ. ಸೋತರೆ ನಷ್ಟವೂ ಹಾಗೆಯೇ. ಇದನ್ನು ಒಪ್ಪಿದರೆ, ಆರಂಭದ ಪಂದ್ಯಗಳು ಲೆಕ್ಕಕ್ಕಿಲ್ಲ ಎನ್ನುವುದು ಸಣ್ಣ ಉತ್ಪ್ರೇಕ್ಷೆಯಲ್ಲ, ನೇರ ತಲೆಕೆಳಗು.

ಎರಡನೆಯ ನಂಬಿಕೆಯಲ್ಲಿ ಅಡಗಿರುವ ಮತ್ತೊಂದು ಊಹೆಯನ್ನೂ ಬಿಡಿಸಬೇಕು: ಮಾರ್ಚ್ ತಿಂಗಳು ನಿಜ ಹೇಳುತ್ತದೆ ಎಂಬುದು. ಡುಲುತ್ 2018ರಲ್ಲಿ ಪ್ರಶಸ್ತಿಗೆ ನಾಲ್ಕು ಪಂದ್ಯ ಗೆದ್ದಿತು. ಒಂದು ಹೆಚ್ಚುವರಿ ಅವಧಿಯಲ್ಲಿ 3-2, ಉಳಿದ ಮೂರೂ 2-1. ನಾಲ್ಕೂ ಒಂದೊಂದೇ ಗೋಲಿನ ಅಂತರ. ಅದೇ ವರ್ಷ ಒಟ್ಟಾರೆ ಮೊದಲ ಶ್ರೇಯಾಂಕದ ಸೇಂಟ್ ಕ್ಲೌಡ್ ಸ್ಟೇಟ್ ಮೊದಲ ಪಂದ್ಯದಲ್ಲೇ ಏರ್ ಫೋರ್ಸ್‌ಗೆ ಸೋತಿತು. ಮರುವರ್ಷ ಮತ್ತೆ ಮೊದಲ ಶ್ರೇಯಾಂಕ ಪಡೆದು ಮತ್ತೆ ಮೊದಲ ಪಂದ್ಯದಲ್ಲೇ ಅಮೆರಿಕನ್ ಇಂಟರ್‌ನ್ಯಾಷನಲ್‌ಗೆ ಸೋತಿತು. 2013ರಲ್ಲಿ ಕ್ವಿನಿಪಿಯಾಕ್ ತಂಡ ಆ ಸೀಸನ್ನಿನಲ್ಲಿ ಯೇಲ್ ತಂಡವನ್ನು ಮೂರು ಸಲ ಸೋಲಿಸಿತ್ತು. ನಾಲ್ಕನೆಯ ಸಲ, ರಾಷ್ಟ್ರೀಯ ಫೈನಲ್‌ನಲ್ಲಿ, ಯೇಲ್ 4-0ಯಿಂದ ಗೆದ್ದಿತು. ಇವುಗಳಲ್ಲಿ ಯಾವುದು ನಿಜವಾದ ಯೇಲ್? ಕಪ್ ಯೇಲ್‌ನದು, ಅದರಲ್ಲಿ ಅನುಮಾನವಿಲ್ಲ, ಅದು ನ್ಯಾಯವೂ ಹೌದು; ಆಟದ ಒಪ್ಪಂದವೇ ಅದು. ಆದರೆ ಒಂದು ರಾತ್ರಿಯ ಫಲ ಮೂರು ರಾತ್ರಿಗಳ ಸಾಕ್ಷ್ಯವನ್ನು ಸುಳ್ಳಾಗಿಸುವುದಿಲ್ಲ. ಎಂಟು ಪಂದ್ಯಗಳು ಕಡಿಮೆಯೆಂದು ಅಕ್ಟೋಬರ್‌ನ ಮಾತನ್ನು ತಳ್ಳಿಹಾಕುವವರು ನಾಲ್ಕು ಪಂದ್ಯಗಳ ಮಾರ್ಚ್‌ನ ಮಾತನ್ನು ಹೇಗೆ ನಂಬುತ್ತಾರೆ?

ಈಗ ನನ್ನ ವಾದದ ಎದುರು ನಿಲ್ಲಬಲ್ಲ ಆಕ್ಷೇಪಗಳು. ಮೂರನ್ನು ನಾನು ಗಂಭೀರವಾಗಿ ಪರಿಗಣಿಸುತ್ತೇನೆ.

1. ಚಾಂಪಿಯನ್ ತಂಡಗಳು ಆರಂಭದಿಂದಲೇ ಗೆಲ್ಲುತ್ತವಲ್ಲ? ಕಾರ್ನೆಲ್ 1969-70ರಲ್ಲಿ ಆಡಿದ 29 ಪಂದ್ಯಗಳನ್ನೂ ಗೆದ್ದಿತು. ಪಾಲ್ ಕರಿಯ ಇದ್ದ ಮೇಯ್ನ್ ತಂಡ 1992-93ರಲ್ಲಿ 42 ಗೆದ್ದು, ಎರಡು ಡ್ರಾ ಮಾಡಿಕೊಂಡು, ಸೋತದ್ದು ಒಂದೇ ಒಂದು. ನಿಜ, ಅಂಥ ತಂಡಗಳ ಹಿರಿಮೆ ಮೊದಲ ವಾರದಲ್ಲೇ ಕಾಣುತ್ತದೆ. ಆದರೆ ದೊಡ್ಡ ತಂಡಗಳು ಚೆನ್ನಾಗಿ ಶುರುಮಾಡುತ್ತವೆ ಎಂಬುದರಿಂದ ಚೆನ್ನಾಗಿ ಶುರುಮಾಡಿದವೆಲ್ಲ ದೊಡ್ಡ ತಂಡಗಳು ಎಂದಾಗುವುದಿಲ್ಲ. ಮಳೆ ಬಂದಾಗ ಅಂಗಳ ಒದ್ದೆಯಾಗುತ್ತದೆ. ಅಂಗಳ ಒದ್ದೆಯಾದಾಗೆಲ್ಲ ಮಳೆ ಬಂದಿರುವುದಿಲ್ಲ. ಡೆನ್ವರ್ 2024-25ರಲ್ಲಿ ಮೊದಲ 12 ಪಂದ್ಯಗಳನ್ನೂ ಗೆದ್ದಿತು. ಅದು ನಿಜಕ್ಕೂ ಉತ್ತಮ ತಂಡ, ಫ್ರೋಜನ್ ಫೋರ್ ಎಂಬ ಕೊನೆಯ ನಾಲ್ವರ ಸುತ್ತನ್ನೂ ತಲುಪಿತು. ಅಲ್ಲಿ ಎರಡನೇ ಹೆಚ್ಚುವರಿ ಅವಧಿಯ ಒಂದು ಗೋಲಿನಿಂದ ವೆಸ್ಟರ್ನ್ ಮಿಶಿಗನ್ ಅದನ್ನು ಮನೆಗೆ ಕಳಿಸಿ, ಮುಂದೆ ತನ್ನ ಮೊದಲ ಪ್ರಶಸ್ತಿ ಗೆದ್ದಿತು.

2. ಕಾಲೇಜು ತಂಡ ವರ್ಷವರ್ಷಕ್ಕೆ ಬದಲಾಗುತ್ತದೆ, ಹಿಂದಿನ ವರ್ಷದ ಹೆಸರು ಆಧಾರವಾಗದು, ಹಾಗಾಗಿ ಹೊಸ ಫಲಿತಾಂಶಗಳಿಗೆ ಹೆಚ್ಚು ಬೆಲೆ ಕೊಡಬೇಕಲ್ಲವೇ? ಇದು ನನಗೆ ಕಂಡ ಅತ್ಯಂತ ಬಲವಾದ ಆಕ್ಷೇಪ, ಅದರಲ್ಲೂ ಈಗ. 2024ರ ನವೆಂಬರ್‌ನಲ್ಲಿ ಎನ್‌ಸಿಎಎ ಮಾಡಿದ ನಿರ್ಧಾರದಿಂದ ಕೆನಡಾದ ಮೇಜರ್ ಜೂನಿಯರ್ ಲೀಗುಗಳಲ್ಲಿ ಆಡಿದವರಿಗೂ 2025ರ ಆಗಸ್ಟ್‌ನಿಂದ ಕಾಲೇಜು ಹಾಕಿಯ ಬಾಗಿಲು ತೆರೆಯಿತು. ಗ್ಯಾವಿನ್ ಮೆಕೆನ್ನಾನಂಥ ಆಟಗಾರ ಪೆನ್ ಸ್ಟೇಟ್ ಸೇರಿದ್ದು ಹಾಗೆ. ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹಾರುವುದೂ ಈಗ ಸುಲಭ. ಹಳೆಯ ಅಂದಾಜು ಸಡಿಲವಾದಷ್ಟೂ ಹೊಸ ಸಾಕ್ಷ್ಯದತ್ತ ನಾವು ಹೆಚ್ಚು ವಾಲಬೇಕು ಎಂಬ ತರ್ಕ ಸರಿ, ನಾನು ಒಪ್ಪುತ್ತೇನೆ. ಆದರೆ ಹಳೆಯ ದೀಪ ಮಂಕಾಯಿತೆಂದ ಮಾತ್ರಕ್ಕೆ ಹೊಸ ದೀಪ ಪ್ರಖರವಾಗುವುದಿಲ್ಲ. 300 ಹೊಡೆತಗಳಲ್ಲಿ ಐದು ಗೋಲಿನ ತೂಗಾಟ ಹೊಸ ಹುಡುಗನಿಗೂ ಅಷ್ಟೇ. ಇದರಿಂದ ಬರಬೇಕಾದ ತೀರ್ಮಾನ 'ಅಕ್ಟೋಬರನ್ನು ನಂಬಿ' ಎಂಬುದಲ್ಲ. ನಮಗೆ ತಿಳಿದಿರುವುದು ಹಿಂದಿಗಿಂತ ಕಡಿಮೆ ಎಂಬುದು.

3. ಆಟಗಾರರು ನಾಣ್ಯಗಳಲ್ಲ, ಅವರಿಗೆ ಮನಸ್ಸಿದೆ. ಗೆಲುವು ಧೈರ್ಯ ತರುತ್ತದೆ, ಸೋಲು ಕುಗ್ಗಿಸುತ್ತದೆ. ಹೌದು. ಆದರೆ ಈ ಮಾತು ಗಟ್ಟಿಯಾದಷ್ಟೂ ನನ್ನ ಪಕ್ಷವೇ ಗಟ್ಟಿಯಾಗುತ್ತದೆ. ಸೋಲು ಕುಗ್ಗಿಸುವುದು ಆಟಗಾರ ಆ ಸೋಲನ್ನು ತನ್ನ ಯೋಗ್ಯತೆಯ ಪ್ರಮಾಣಪತ್ರವೆಂದು ಓದಿದಾಗ. ಸುತ್ತಲಿನ ಹಿರಿಯರು ಹಾಗೆ ಓದಲು ಕಲಿಸಿದರೆ ಆಕಸ್ಮಿಕವಾಗಿ ಬಂದದ್ದು ಸ್ವಭಾವವಾಗಿ ನೆಲೆಯೂರುತ್ತದೆ.

ಪೆನ್ ಸ್ಟೇಟ್ ತಂಡದ 2024-25ರ ಕಥೆಯನ್ನು ಎರಡನೆಯ ನಂಬಿಕೆಯವರು ತಮ್ಮ ಪುರಾವೆಯಾಗಿ ಬಳಸುತ್ತಾರೆ. ಬಿಗ್ ಟೆನ್ ಲೀಗಿನಲ್ಲಿ ಅದು ಮೊದಲ ಎಂಟು ಪಂದ್ಯಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. ಆದರೂ ಅದೇ ತಂಡ ವಸಂತದಲ್ಲಿ, ಆ ವಿಶ್ವವಿದ್ಯಾಲಯದ ಇತಿಹಾಸದಲ್ಲೇ ಮೊದಲ ಸಲ, ಫ್ರೋಜನ್ ಫೋರ್ ತಲುಪಿತು. ನೋಡಿ, ಆರಂಭ ಲೆಕ್ಕಕ್ಕಿಲ್ಲ ಎನ್ನುತ್ತಾರೆ. ಈ ಕಥೆ ಅಷ್ಟನ್ನು ಹೇಳುವುದಿಲ್ಲ. ಕೆಟ್ಟದಾಗಿ ಶುರುಮಾಡಿ ಕೆಟ್ಟದಾಗಿಯೇ ಮುಗಿಸಿದ ತಂಡಗಳ ಕಥೆಯನ್ನು ಯಾರೂ ಹೇಳುವುದಿಲ್ಲವಾದ್ದರಿಂದ ಅವು ನಮ್ಮ ನೆನಪಿನಲ್ಲಿಲ್ಲ, ಅಷ್ಟೇ. ಪೆನ್ ಸ್ಟೇಟ್‌ನಿಂದ ಕಲಿಯಬಹುದಾದ್ದು ಇಷ್ಟು: ಎಂಟು ಪಂದ್ಯಗಳ ಸಾಕ್ಷ್ಯ ತಪ್ಪಾಗಬಲ್ಲದು. ಜಮೆಯ ಕಡೆಯಿಂದ ನೋಡಿದರೆ, ಅದು ಲೀಗ್ ಚಾಂಪಿಯನ್ ಆಗಿ ಒಳಬಂದ ತಂಡವಲ್ಲ, ರಾಷ್ಟ್ರೀಯ ಶ್ರೇಯಾಂಕದ ಮೇಲೆ ಬಂದ ತಂಡ. ಅಂದರೆ ಲೀಗಿನಲ್ಲಿ ಕಳೆದುಕೊಂಡ ಒಂದೊಂದು ಪಂದ್ಯವನ್ನೂ ಅದು ಬೇರೆಡೆ ದುಡಿದು ತುಂಬಿಕೊಳ್ಳಬೇಕಾಯಿತು.

ಹಾಗಿದ್ದರೆ ಅಕ್ಟೋಬರ್‌ನಲ್ಲಿ ನೋಡಬೇಕಾದ್ದೇನು? ಗೋಲುಗಳಿಗಿಂತ ಬೇಗ ನಂಬಿಕೆಗೆ ಅರ್ಹವಾಗುವುದು ಹೊಡೆತಗಳ ಪ್ರಮಾಣ, ಏಕೆಂದರೆ ಅವುಗಳ ಸಂಖ್ಯೆ ಹತ್ತು ಪಟ್ಟು ಹೆಚ್ಚು. ಎರಡೂ ಕಡೆ ಸಮಾನ ಆಟಗಾರರಿರುವಾಗ ಗೋಲಿನತ್ತ ಯತ್ನಗಳು ಯಾರವು ಹೆಚ್ಚು ಎಂಬುದನ್ನು ಎಣಿಸುವ ಅಳತೆಗೆ, ಬಫಲೋ ಸೇಬರ್ಸ್ ತಂಡದಲ್ಲಿ ಗೋಲ್‌ಕೀಪರ್‌ಗಳ ತರಬೇತುದಾರರಾಗಿದ್ದ ಜಿಮ್ ಕಾರ್ಸಿಯವರ ಹೆಸರೇ ಇದೆ. ಇದೂ ದೋಷಮುಕ್ತವಲ್ಲ. ಮುಂದಿರುವ ತಂಡ ಕಾಯ್ದುಕೊಳ್ಳಲು ಹಿಂದೆ ಸರಿಯುತ್ತದೆ, ಹಿಂದಿರುವ ತಂಡ ಸಿಕ್ಕಲ್ಲಿಂದೆಲ್ಲ ಹೊಡೆಯುತ್ತದೆ. ಹಾಗಾಗಿ ಸೋತವರ ಎಣಿಕೆ ಕೆಲವೊಮ್ಮೆ ಉಬ್ಬಿ ಕಾಣುತ್ತದೆ. ಆದರೂ ಎರಡು ಗೆದ್ದು ಆರು ಸೋತ ತಂಡ ಹೊಡೆತಗಳಲ್ಲಿ ಎದುರಾಳಿಗಿಂತ ಸತತವಾಗಿ ಮುಂದಿದ್ದರೆ ನಾನು ಅದರ ಬಗ್ಗೆ ಆತಂಕಪಡುವುದಿಲ್ಲ. ಆರು ಗೆದ್ದ ತಂಡ ಪ್ರತಿ ರಾತ್ರಿ 20 ಹೊಡೆದು 35 ತಿನ್ನುತ್ತಿದ್ದರೆ ಅದರ ಅಂಕಪಟ್ಟಿ ನೋಡಿ ಸಂಭ್ರಮಿಸುವುದಿಲ್ಲ.

ಆದರೆ ಕೋಚ್‌ನ ಸ್ಥಿತಿ ನನ್ನಂಥವನ ಸ್ಥಿತಿಯಲ್ಲ. ನಾನು ಕಾಯಬಹುದು. ಅವನಿಗೆ ಜಮೆಯೂ ಬೇಕು, ಸಾಕ್ಷ್ಯವೂ ಬೇಕು, ಎರಡೂ ಒಂದೇ ವಾರಾಂತ್ಯದಲ್ಲಿ ಎರಡು ದಿಕ್ಕಿಗೆ ಎಳೆಯುತ್ತವೆ. ಗೋಲ್‌ಕೀಪರ್‌ನನ್ನು ಸರಿಯಾಗಿ ಅರಿಯಲು ಸಾವಿರ ಹೊಡೆತ ಬೇಕು. ಅಷ್ಟರಲ್ಲಿ ಸೀಸನ್ನೇ ಮುಗಿದಿರುತ್ತದೆ, ಕಳೆದುಕೊಂಡ ಪಂದ್ಯಗಳು ಖಾತೆಯಲ್ಲಿ ಕೂತಿರುತ್ತವೆ. ಆದ್ದರಿಂದ ಅವನು ಸಾಲದ ಸಾಕ್ಷ್ಯದ ಮೇಲೆಯೇ ನಿರ್ಧರಿಸಬೇಕು, ಬೇರೆ ದಾರಿಯಿಲ್ಲ. ಇದನ್ನು ನಾನು ತಪ್ಪೆನ್ನಲಾರೆ. ನವೆಂಬರ್ ಮೊದಲ ಶುಕ್ರವಾರ ಇನ್ನೊಬ್ಬ ಹುಡುಗನನ್ನು ಗೋಲಿನ ಮುಂದೆ ನಿಲ್ಲಿಸುವ ಹಕ್ಕು ಅವನಿಗಿದೆ. ಅವನಿಂದ ನಾನು ಕೇಳುವುದು ಎರಡು: ಆ ನಿರ್ಧಾರ ಹಿಂದೆಗೆದುಕೊಳ್ಳಬಹುದಾದದ್ದಾಗಿರಲಿ, ಮತ್ತು ಬೆಂಚಿಗೆ ಹೋಗುವವನ ಹತ್ತಿರ ಕೂತು, 'ಈ ವಾರ ಅವನನ್ನು ಆಡಿಸ್ತೀನಿ. ನೀನು ಕೆಟ್ಟದಾಗಿ ಆಡ್ತಿದ್ದೀಯ ಅಂತ ನನಗೆ ಗೊತ್ತಾಗಿದೆ ಅಂತಲ್ಲ. ಅದು ನನಗಿನ್ನೂ ಗೊತ್ತಾಗಿಲ್ಲ, ಆದರೆ ಪಂದ್ಯ ಕಾಯೋದಿಲ್ಲ' ಎಂದು ಹೇಳಲಿ.